ಮಿಡತೆ ಜ್ವರ ಕೇಳಲು ಹೋದದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಹೊಳೆಗಳಿಗೆ ತಮ್ಮ ದಾರಿಯೇ ಸರಿಯಾಗಿ ಬಾಯಿಪಾಠವಾಗಿರಲಿಲ್ಲ. ಒಂದು ದಿನ ಹೀಗೆ ಹರಿದರೆ ಮರುದಿನ ಹಾಗೆ ಹರಿಯುತ್ತಿದ್ದವು.

ಆಗ ಮಿಡತೆಗಳೆಲ್ಲ ಹುಲ್ಲಿನ ಬುಡದಲ್ಲಿ, ತಣ್ಣನೆಯ ನೆರಳಿನಲ್ಲಿ ಬದುಕುತ್ತಿದ್ದವು. ಬಿಸಿಲಿಗೆ ಒಂದೂ ಬರುತ್ತಿರಲಿಲ್ಲ. ಮೇಲೆ ಕಾಜಾಣವಿತ್ತು. ಕವಲು ಬಾಲದ ಆ ಕರಿಹಕ್ಕಿಗೆ ಮಿಡತೆಯೆಂದರೆ ಹಬ್ಬದೂಟ.

ಆ ಮಿಡತೆಗಳಲ್ಲಿ ಗರಿಕವ್ವ ಎಂಬವಳೊಬ್ಬಳಿದ್ದಳು. ಅವಳಷ್ಟು ದೂರ ನೆಗೆಯುವವರು ಆ ಬಯಲಿನಲ್ಲೇ ಇರಲಿಲ್ಲ. ನೆಗೆಯದಿದ್ದರೆ ಅವಳಿಗೆ ಊಟ ಸೇರದು, ನೆಗೆಯದಿದ್ದರೆ ನಿದ್ದೆ ಬಾರದು.

ಒಂದು ಸಲ ಏಳು ದಿನ ಬಿಡದೆ ಜಡಿಮಳೆ ಹಿಡಿಯಿತು. ಎಂಟನೆಯ ದಿನ ಗಾಳಿ ಬಂದು ಗರಿಕವ್ವನ ಬೆನ್ನ ಮೇಲೆ ಹಿಟ್ಟಿನಂಥ ಬಿಳಿ ಪುಡಿ ಉದುರಿಸಿತು.

"ಇದೇನು ಗಾಳಿಯಣ್ಣ?"

"ನನಗೇನು ಗೊತ್ತವ್ವ. ಯಾರು ಹತ್ತಿದರೂ ಹೊತ್ತು ತರೋದಷ್ಟೇ ನನ್ನ ಕೆಲಸ," ಎಂದು ಗಾಳಿ ಮುಂದೆ ಹೋಯಿತು.

ಅದು ಬೂಷ್ಟು. ಹಳಸಿದ ರೊಟ್ಟಿಯ ಮೇಲೆ ಬರುತ್ತದಲ್ಲ, ಅದರದೇ ಬಳಗ. "ನನಗೆ ಹೆಚ್ಚೇನೂ ಬೇಡ ತಾಯಿ, ಸಾಸಿವೆಯಷ್ಟು ಜಾಗ ಸಾಕು," ಎಂದಿತು ಬೂಷ್ಟು.

ಗರಿಕವ್ವನಿಗೆ ಪಾಪ ಅನ್ನಿಸಿತು. "ಇರು," ಎಂದಳು.

ಬೂಷ್ಟು ಸುಮ್ಮನೆ ಇರಲಿಲ್ಲ. ಅವಳ ಮೈಯೊಳಕ್ಕೆ ಬೇರು ಬಿಟ್ಟಿತು. ಮೂರು ದಿನದಲ್ಲಿ ಎಳೆಹುಲ್ಲೂ ಕಹಿಯಾಯಿತು. ನೆಗೆಯಲು ಹೋದರೆ ಕಾಲು ಏಳಲಿಲ್ಲ.

ಅವಳ ನೆತ್ತರಿನಲ್ಲಿ ಕಾವಲುಗಾರರಿದ್ದರು. ಕಣ್ಣಿಗೆ ಕಾಣದಷ್ಟು ಚಿಕ್ಕವರು. "ಏಳ್ರಪ್ಪಾ, ಕಳ್ಳರು ಒಳಗೆ ಬಂದಿದ್ದಾರೆ," ಎಂದು ಕರೆದಳು.

"ಎದ್ದಿದ್ದೇವವ್ವ," ಎಂದರು ಅವರು. "ಆದರೆ ಈ ಥಂಡಿಗೆ ಕೈಕಾಲು ಆಡ್ತಿಲ್ಲ. ನಾವು ಒಬ್ಬನನ್ನ ಹಿಡಿಯೋದರೊಳಗೆ ಅವರು ಹತ್ತು ಜನ ಆಗ್ತಾರೆ."

ಅಲ್ಲೇ ಕೆಂದಿ ಎಂಬ ಹಸು ಮೇಯುತ್ತಿತ್ತು. ಗರಿಕವ್ವ ತೆವಳಿಕೊಂಡು ಅದರ ಬಳಿಗೆ ಹೋದಳು.

"ಅಕ್ಕಾ, ಹೋದ ವಾರ ನಿನಗೂ ಹುಷಾರಿರಲಿಲ್ಲ. ಹೇಗೆ ವಾಸಿಯಾಯ್ತು?"

"ಜ್ವರ ಬಂತಲ್ಲ ತಂಗಿ. ಮೈ ಕಾದು ಕೆಂಡ ಆಯ್ತು. ರೋಗಕ್ಕೆ ಆ ಕಾವು ತಡೆಯೋಕಾಗದೆ ಹೋಯ್ತು. ನಿನಗೆ ಜ್ವರ ಬರಲಿಲ್ವಾ?"

"ಜ್ವರ ಅಂದರೇನಕ್ಕಾ?"

ಕೆಂದಿ ಮೂತಿ ತಾಗಿಸಿ ನೋಡಿತು. ಗರಿಕವ್ವನ ಮೈ ಅವಳು ಕೂತ ಮಣ್ಣಿನಷ್ಟೇ ತಣ್ಣಗಿತ್ತು. "ನಿನ್ನೊಳಗೆ ಒಲೆಯೇ ಇಲ್ಲವಲ್ಲ ತಂಗಿ. ಕಾವು ಇರೋರ ಹತ್ತಿರ ಕೇಳಿ ತರಬೇಕು," ಎಂದಿತು.

ಅಷ್ಟರಲ್ಲಿ ಮೋಡ ಸರಿದು ಸೂರ್ಯ ಕಾಣಿಸಿಕೊಂಡ. ಗರಿಕವ್ವ ಹುಲ್ಲಿನ ಬುಡದಿಂದಲೇ ಕೂಗಿದಳು. "ಸೂರಪ್ಪಾ, ನನಗೊಂದಿಷ್ಟು ಜ್ವರ ಕೊಡ್ತೀಯಾ?"

ಸೂರ್ಯನಿಗೆ ನಗು ಬಂತು. "ಎಲ್ಲರೂ ಜ್ವರ ಬಿಡಲಿ ಅಂತ ಬೇಡ್ಕೊಳ್ತಾರೆ. ಬರಲಿ ಅಂದವಳು ನೀನೊಬ್ಬಳೇ. ಕೊಡೋಕೇನು, ಧಾರಾಳವಾಗಿದೆ. ಆದರೆ ನೆರಳಿನೊಳಗೆ ಬಂದು ಕೊಡೋಕೆ ನನಗಾಗಲ್ಲ ಮಗಳೇ. ನೀನೇ ಮೇಲೆ ಬರಬೇಕು."

"ಮೇಲೆ ಕಾಜಾಣ ಇದಾನೆ."

"ಇದಾನೆ," ಎಂದ ಸೂರ್ಯ. ಅವನಿಗೆ ಮುಚ್ಚಿಡುವುದು ಗೊತ್ತಿರಲಿಲ್ಲ.

ಗರಿಕವ್ವ ಬಹಳ ಹೊತ್ತು ಯೋಚಿಸಿದಳು. ಕೆಳಗಿದ್ದರೆ ಸಾವು ಖಂಡಿತ. ಮೇಲೆ ಹೋದರೆ ಬದುಕಿದರೂ ಬದುಕಬಹುದು. ನಡುಗುತ್ತ ನಡುಗುತ್ತ ಒಂದು ಕರಿಕಲ್ಲಿನ ಮೇಲೆ ಹತ್ತಿದಳು. ಬಿಸಿಲಿಗೆ ಅಡ್ಡಲಾಗಿ ಕೂತು, ಒಂದು ಕಾಲನ್ನು ಇಳಿಬಿಟ್ಟು, ಪಕ್ಕೆಯನ್ನು ಒಡ್ಡಿದಳು.

ಮೈ ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು. ಆಮೇಲೆ ಸುಡತೊಡಗಿತು.

"ತಾಯಿ, ಸೆಕೆ ತಡೆಯಲಾರೆ. ನೆರಳಿಗೆ ಹೋಗೋಣ," ಎಂದು ಬೂಷ್ಟು ಗೋಗರೆಯಿತು.

"ನನಗೆ ಹಿತವಾಗಿದೆ," ಎಂದಳು ಗರಿಕವ್ವ.

ಒಳಗೆ ಕಾವಲುಗಾರರು ಮೈಮುರಿದು ಎದ್ದರು. ಸಿಕ್ಕಿದ ಕಳ್ಳನನ್ನು ಎಂಟು ಹತ್ತು ಜನ ಸುತ್ತುಗಟ್ಟಿ ನಿಂತರು, ಉಸಿರು ಬಿಡದಂತೆ ಅಪ್ಪಿಕೊಂಡರು, ಕರ್ರಗಿನ ಗಂಟು ಮಾಡಿ ಮೂಲೆಗಿಟ್ಟರು. ಮತ್ತೊಂದು ಗಂಟು. ಮತ್ತೊಂದು.

ಎರಡನೆಯ ದಿನವೂ ಗರಿಕವ್ವ ಕಲ್ಲೇರಿ ಕೂತಳು. ಮೂರನೆಯ ದಿನವೂ ಕೂತಳು. ಅಂದು ಕೆಂದಿಯ ಬೆನ್ನ ಮೇಲೆ ಸವಾರಿ ಬಂದ ಕಾಜಾಣದ ಕಣ್ಣು ಅವಳ ಮೇಲೆ ಬಿತ್ತು. ಹಕ್ಕಿ ರೆಕ್ಕೆ ಮಡಚಿ ಬಾಣದಂತೆ ಎರಗಿತು.

"ತಂಗೀ, ನೆಗಿ," ಎಂದು ಕೆಂದಿ ಕೂಗಿತು.

ಗರಿಕವ್ವ ಕಾಲು ಮಡಚಿದಳು, ಒದ್ದಳು. ಕಾಜಾಣದ ಕೊಕ್ಕಿಗೆ ಸಿಕ್ಕಿದ್ದು ಕಾದ ಕಲ್ಲು. ಗರಿಕವ್ವ ಆಗಲೇ ಮೂರು ಪೊದೆ ದಾಟಿ ಬಿದ್ದಿದ್ದಳು. ಬಿದ್ದಲ್ಲೇ ಅವಳಿಗೆ ಹೊಟ್ಟೆ ಹಸಿಯಿತು. ಎದುರಿಗಿದ್ದ ಎಳೆಹುಲ್ಲನ್ನು ಕಚ್ಚಿದಳು. ಸಿಹಿಯಾಗಿತ್ತು.

ಸಂಜೆಯೊಳಗೆ ಬಯಲಿನ ಮಿಡತೆಗಳಿಗೆಲ್ಲ ಸುದ್ದಿ ಮುಟ್ಟಿತು. ಮೈ ಸರಿಯಿಲ್ಲದವರೆಲ್ಲ ಮೇಲೆ ಹತ್ತುವುದನ್ನು ಕಲಿತರು.

ಬೆಳಗಿನ ಬಿಸಿಲಲ್ಲಿ ಒಂದು ಮಿಡತೆ ಕಲ್ಲಿನ ಮೇಲೆ ಪಕ್ಕೆಯೊಡ್ಡಿ, ಅಲುಗಾಡದೆ ಕೂತಿರುವುದನ್ನು ನೀನು ಇವತ್ತಿಗೂ ನೋಡುತ್ತೀಯಲ್ಲ, ಅದು ಸೂರಪ್ಪನ ಹತ್ತಿರ ಜ್ವರ ಇಸಿದುಕೊಳ್ಳುತ್ತಿದ್ದರೂ ಇರಬಹುದು. ನಿನ್ನ ನೆರಳು ಅದರ ಮೇಲೆ ಬೀಳದಂತೆ ಸ್ವಲ್ಪ ಪಕ್ಕಕ್ಕೆ ಸರಿದು ಹೋಗು.