ಹೊರಿಸಿಕೊಳ್ಳದವನು

"ಗುರುಗಳೇ, ಈ ತಾಲೀಮಿನಲ್ಲಿ ನನ್ನನ್ನು ಮೀರಿಸುವವನು ಇದ್ದರೆ ತೋರಿಸಿ. ಏಣಿ ನಾನೇ ಮೊದಲು ಹತ್ತುತ್ತೇನೆ. ಇಬ್ಬರು ಹಿಡಿಯುವ ನೀರಿನ ಪೈಪನ್ನು ಒಬ್ಬನೇ ಹಿಡಿಯುತ್ತೇನೆ. ಹಾಗಿದ್ದ ಮೇಲೆ ಈ ಕಡ್ಡಿ ಪೈಲ್ವಾನರ ಜೊತೆ ನನ್ನನ್ನು ಯಾಕೆ ಜೋಡಿ ಹಾಕುತ್ತೀರಿ?"

ಬೆಂಕಿ ಆರಿಸುವ ದಳಕ್ಕೆ ಹೊಸದಾಗಿ ಸೇರಿದ್ದ ಶಿಷ್ಯ ಹೀಗೆ ಕೇಳಿದ. ಗುರು ಬೈಯಲಿಲ್ಲ. ಕೂತುಕೋ ಎಂದು ಒಂದು ಕತೆ ಹೇಳಿದರು.

ಒಂದು ಊರಿನ ಬೆಂಕಿ ದಳದಲ್ಲಿ ಒಬ್ಬ ಗಟ್ಟಿಗನಿದ್ದ. ಬಾಯಿಮಾತಿನ ಗಟ್ಟಿಗನಲ್ಲ, ನಿಜವಾಗಿಯೂ ಗಟ್ಟಿಗ. ಅವನ ಜೋಡಿಗೆ ಒಬ್ಬ ಸಣಕಲ.

ಆ ದಳದಲ್ಲಿ ಒಂದು ರೂಢಿಯಿತ್ತು. ಬೆಳಗಿನ ತಾಲೀಮಿನ ಕೊನೆಗೆ ಜೋಡಿಯಲ್ಲಿ ಒಬ್ಬ ಎಚ್ಚರ ತಪ್ಪಿದವನಂತೆ ನೆಲದ ಮೇಲೆ ಮಲಗಬೇಕು. ಇನ್ನೊಬ್ಬ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅವನನ್ನು ತಡವಿ ಹುಡುಕಿ, ಹೆಗಲ ಮೇಲೆ ಹೊತ್ತು ಅಂಗಳ ದಾಟಬೇಕು. ಆಮೇಲೆ ಹೊತ್ತವನು ಮಲಗಬೇಕು, ಮಲಗಿದವನು ಹೊರಬೇಕು.

ಗಟ್ಟಿಗ ಹೊರುತ್ತಿದ್ದ. ಮಲಗುತ್ತಿರಲಿಲ್ಲ.

"ಒಂದು ಸಲ ಮಲಗಣ್ಣ, ನಾನೂ ನೋಡ್ತೀನಿ" ಎಂದ ಸಣಕಲ.

"ನೀನು ನನ್ನನ್ನ ಹೊರೋದಾ? ಮೊದಲು ನಿನ್ನ ಚಡ್ಡಿ ಜಾರದಂಗೆ ನೋಡ್ಕೋ ಹೋಗಲೇ. ನಿನ್ನ ಸೊಂಟ ಮುರಿದರೆ ನಿನ್ನ ಹೆಂಡತಿ ನನ್ನ ಬಾಗಿಲಿಗೆ ಬಂದು ಕೂರ್ತಾಳೆ."

ಎಲ್ಲರೂ ನಕ್ಕರು. ಸಣಕಲನೂ ನಕ್ಕ. ಮತ್ತೆ ಕೇಳಲಿಲ್ಲ. ಬೇರೆ ಜೋಡಿಯವರನ್ನು ಹೊತ್ತು ಅಭ್ಯಾಸ ಮಾಡಿಕೊಂಡ.

ವರ್ಷಗಳು ಕಳೆದವು. ಹೊಗೆ ಯಾರ ತೋಳು ನೋಡಿಯೂ ಹೆದರುವುದಿಲ್ಲ. ಬೆಂಕಿಯಿಂದ ಬಂದ ಮೇಲೆ ದಳದ ಬೇರೆಯವರು ಒಟ್ಟಿಗೆ ಕೂತು ಕೆಮ್ಮುತ್ತಿದ್ದರು, ಒಬ್ಬರ ಬೆನ್ನು ಒಬ್ಬರು ನೀವುತ್ತಿದ್ದರು, ವೈದ್ಯನಿಗೆ ಎದೆ ತೋರಿಸುತ್ತಿದ್ದರು. ಉಸಿರು ಕಟ್ಟುವವನನ್ನು ವಾಸಿಯಾಗುವ ತನಕ ಬೆಂಕಿಯೊಳಗೆ ಬಿಡದೆ ಹೊರಗೆ ನೀರಿನ ಬಳಿ ನಿಲ್ಲಿಸುತ್ತಿದ್ದರು. ಗಟ್ಟಿಗನಿಗೆ ಅದು ಸಾವಿಗಿಂತ ಕಡೆ. ಅವನು ನೀರಿನ ತೊಟ್ಟಿಯ ಹಿಂದೆ ಹೋಗಿ, ಬಾಯಿಗೆ ಟವೆಲ್ ಒತ್ತಿಕೊಂಡು ಕೆಮ್ಮುತ್ತಿದ್ದ. ಮಾತಾಡಿದರೆ ಏದುಸಿರು ಗೊತ್ತಾದೀತೆಂದು ಮಾತು ಬಿಟ್ಟ. ಜೊತೆಗೆ ಕೂತು ಉಣ್ಣುವುದನ್ನೂ ಬಿಟ್ಟ. ಇದು ಸೊಕ್ಕು ಎಂದುಕೊಂಡು ಉಳಿದವರು ಅವನನ್ನು ಕರೆಯುವುದು ಬಿಟ್ಟರು. ಗೋಡೆಗೆ ಮುಖ ಮಾಡಿ ಉಂಡು, ತಟ್ಟೆ ತೊಳೆದಿಟ್ಟು ಏಳುತ್ತಿದ್ದ.

ಬೆಳಿಗ್ಗೆ ಮಾತ್ರ ಸಣಕಲನನ್ನು ಹೊತ್ತು ಅಂಗಳ ದಾಟುತ್ತಿದ್ದ. ಹೆಗಲ ಮೇಲಿದ್ದ ಸಣಕಲನಿಗೆ ಆ ಎದೆಯೊಳಗಿನ ಗೊರಗೊರ ಕೇಳಿಸುತ್ತಿತ್ತು. ಏನಣ್ಣ ಅಂದರೆ ಬೈಸಿಕೊಳ್ಳಬೇಕಾದೀತು ಎಂದು ಸುಮ್ಮನಿದ್ದ.

ಒಂದು ಮಧ್ಯಾಹ್ನ ಹತ್ತಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಇಬ್ಬರು ಹಮಾಲರು ಸಿಕ್ಕಿಬಿದ್ದಿದ್ದರು. ಗಟ್ಟಿಗ ಒಬ್ಬನನ್ನು ಹೊತ್ತು ಹೊರಗೆ ತಂದ. ಎರಡನೆಯವನನ್ನು ಅರ್ಧ ದಾರಿ ತಂದು ಸಣಕಲನ ಹೆಗಲಿಗೆ ದಾಟಿಸಿದ. ಸಣಕಲ ಅವನನ್ನು ಹೊರಗೆ ಮಲಗಿಸಿ ತಿರುಗಿ ನೋಡಿದರೆ ಗಟ್ಟಿಗ ಹಿಂದೆ ಬಂದಿರಲಿಲ್ಲ.

ಸಣಕಲ ಮತ್ತೆ ಒಳಗೆ ತೆವಳಿದ. ಹೊಗೆಯಲ್ಲಿ ತಡವಿ ಹುಡುಕಿದ. ಗಟ್ಟಿಗ ಸಿಕ್ಕ. ದಳದ ಬೇರೆ ಯಾರೇ ಆಗಿದ್ದರೂ ಎಲ್ಲಿ ಕೈ ಹಾಕಬೇಕು, ಭಾರ ಯಾವ ಕಡೆ ವಾಲುತ್ತದೆ ಎಂಬುದು ಸಣಕಲನ ಕೈಗೆ ಗೊತ್ತಿತ್ತು. ಈ ಮೈ ಮಾತ್ರ ಅವನಿಗೆ ಹೊಸದು.

"ಭಾರ ನನ್ನ ಮೇಲೆ ಬಿಡಣ್ಣ" ಎಂದ.

"ದೂರ ಸರಿಯಲೇ, ನಾನೇ ಏಳ್ತೀನಿ" ಎಂದ ಗಟ್ಟಿಗ.

ಏಳಲಿಲ್ಲ. ಮೈ ಸೆಟೆಸಿಕೊಂಡು, ಎತ್ತಲು ಬಂದ ಕೈಯನ್ನೇ ತಳ್ಳಿದ. ಸೆಟೆದ ಮೈ ಯಾರ ಹೆಗಲಿಗೂ ಒಗ್ಗುವುದಿಲ್ಲ. ಸಣಕಲ ಎತ್ತಿದ, ಜಾರಿತು. ಎಳೆದ, ಕದಲಲಿಲ್ಲ. ಜನ ಕರೆತರಲು ಹೊರಗೆ ಓಡಿದ. ಅವರು ಬಾಗಿಲು ಮುಟ್ಟುವಷ್ಟರಲ್ಲಿ ಮಾಡು ಕುಸಿಯಿತು.

ಆಮೇಲೆ ಸಣಕಲ ಒಂದು ಚೀಲಕ್ಕೆ ಗಟ್ಟಿಗನ ತೂಕ ಬರುವಷ್ಟು ಮರಳು ತುಂಬಿ ಬಾಯಿ ಹೊಲಿದ. ದಿನಾ ಬೆಳಿಗ್ಗೆ, ಎಲ್ಲರೂ ಹೋದ ಮೇಲೆ, ಅದನ್ನು ಎತ್ತಲು ನೋಡುತ್ತಿದ್ದ. ಮೊದಮೊದಲು ಮಂಡಿಯೂರಿ ಬೀಳುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಗಲಿಗೇರಿಸಿದ. ಚಳಿ ಬೀಳುವ ಹೊತ್ತಿಗೆ ಅಂಗಳ ದಾಟಿದ. ದಾಟಿ, ಚೀಲ ಇಳಿಸಿ, ಅದರ ಪಕ್ಕದಲ್ಲೇ ಕೂತು ಅತ್ತ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕಾಲ್ಬೆರಳಿನಿಂದ ನೆಲ ಕೆದಕಿದ.

"ಅವನಿಗೆ ಕೆಮ್ಮಿತ್ತು ಗುರುಗಳೇ. ನನ್ನ ಎದೆ ಕಾಸಿದ ತಮಟೆ ಇದ್ದಂಗಿದೆ, ಬೇಕಾದರೆ ಬಡಿದು ನೋಡಿ" ಎಂದ.

ಗುರು ಬಡಿದು ನೋಡಲಿಲ್ಲ. ತಾಲೀಮು ಮಾಡುತ್ತಿದ್ದ ಹುಡುಗರ ಕಡೆ ಕೈ ತೋರಿಸಿ, "ನೀನು ಬಿದ್ದ ದಿನ ನಿನಗಾಗಿ ಒಳಗೆ ಬರುವವನ ಹೆಸರು ಹೇಳು" ಎಂದರು.

ಶಿಷ್ಯ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಎದ್ದು ಹೋಗಿ, ಅವರಲ್ಲಿ ತೀರ ತೆಳ್ಳಗಿದ್ದವನ ಮುಂದೆ ನೆಲದ ಮೇಲೆ ಮಲಗಿದ.