ಪಂಪ್‌ಹೌಸಿನ ಎರಡು ಅಕ್ಷರ

“ಗುರುಗಳೇ, ಯಾವ ಎಡಿಟರ್ ಒಳ್ಳೆಯದು?” ಎಂದು ಚನ್ನವೀರ ಕೇಳಿದ.

ಪ್ರೋಗ್ರಾಂ ಬರೆಯುವುದಕ್ಕೂ ಸರ್ವರಿನ ಫೈಲು ತಿದ್ದುವುದಕ್ಕೂ ಎಡಿಟರ್ ಎಂಬ ತಂತ್ರಾಂಶ ಬೇಕು. ಅವನು ಈ ಕೆಲಸ ಕಲಿಯಲು ಬಂದು ಆರು ತಿಂಗಳಾಗಿತ್ತು. ಅಷ್ಟರಲ್ಲಿ ಐದು ಎಡಿಟರ್ ಹಾಕಿ ನೋಡಿದ್ದ. ಐದಕ್ಕೂ ಬಣ್ಣ ಬದಲಿಸಿದ್ದ, ಅಕ್ಷರ ಬದಲಿಸಿದ್ದ, ಕೀಲಿಗಳನ್ನು ತನಗೆ ಬೇಕಾದಂತೆ ಹೊಂದಿಸಿದ್ದ. ಗುರುಗಳು ಒಪ್ಪಿಸಿದ್ದು ಕಣ್ಣಾಸ್ಪತ್ರೆಯೊಂದರ ಸರದಿ ಚೀಟಿಯ ಪ್ರೋಗ್ರಾಂ. ಅದನ್ನು ನಾಳಿದ್ದು ಕೊಡಬೇಕು. ಒಳ್ಳೆಯ ಎಡಿಟರ್ ಸಿಕ್ಕಿದ ಮೇಲೆ ಕೂತರಾಯಿತು ಎಂದುಕೊಂಡು ಅವನು ಒಂದು ಸಾಲನ್ನೂ ಬರೆದಿರಲಿಲ್ಲ. ಆ ಮಾತನ್ನು ಗುರುಗಳಿಗೆ ಹೇಳುವ ಧೈರ್ಯವೂ ಆಗಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಂಪ್ಯೂಟರ್ ನಿಪುಣನಿದ್ದ. ಹತ್ತು ವರ್ಷ ಪಳಗಿಸಿದ ಎಡಿಟರ್ ಅವನದು. ‘ಜೆ’ ಅಕ್ಷರವನ್ನು ಎರಡು ಸಲ ಒತ್ತಿದರೆ ಸಾಕು, ಫೈಲು ಸೇವ್ ಆಗಿ ಮುಚ್ಚಿಕೊಳ್ಳುವಂತೆ ಏರ್ಪಾಟು ಮಾಡಿಕೊಂಡಿದ್ದ. ಬೇರೆ ಎಡಿಟರ್ ಬಳಸುವವರನ್ನು ಕಂಡರೆ ಅವನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಒಂದು ಬೆಳಗ್ಗೆ ಪಕ್ಕದ ಊರಿನ ನೀರಿನ ಪಂಪ್‌ಹೌಸಿನಿಂದ ಕರೆ ಬಂತು. ಪಂಪ್ ನಡೆಸುವ ಕಂಪ್ಯೂಟರಿನಲ್ಲಿ ಒಂದು ಅಂಕಿ ತಿದ್ದಬೇಕಿತ್ತು. ಅಲ್ಲಿದ್ದದ್ದು ಸಾದಾ ಎಡಿಟರ್. ನಿಪುಣ ಮೂಗು ಮುರಿಯುತ್ತಲೇ ಕೂತು ಅಂಕಿ ತಿದ್ದಿದ. ಬೆರಳು ಅಭ್ಯಾಸಬಲದಿಂದ ಜೆ ಅಕ್ಷರವನ್ನು ಎರಡು ಸಲ ಒತ್ತಿತು. ಫೈಲು ಮುಚ್ಚಲಿಲ್ಲ. ಇದು ತನ್ನ ಎಡಿಟರ್ ಅಲ್ಲವೆಂದು ಆಗ ನೆನಪಾಗಿ, ಗೊಣಗಿಕೊಂಡು ಸಾದಾ ರೀತಿಯಲ್ಲೇ ಸೇವ್ ಮಾಡಿ ಎದ್ದ.

ಕಂಪ್ಯೂಟರ್ ಆ ಫೈಲನ್ನು ಓದಿತು, ಅರ್ಥವಾಗದೆ ಪಂಪನ್ನು ನಿಲ್ಲಿಸಿತು. ಊರಿನ ನಲ್ಲಿಗಳಲ್ಲಿ ನೀರು ನಿಂತಿತು. ಹೆರಿಗೆ ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಈ ದರಿದ್ರ ಎಡಿಟರಿನಲ್ಲಿ ತಪ್ಪು ಹುಡುಕಲಾಗದು ಎಂದು ನಿಪುಣ ತನ್ನ ಎಡಿಟರನ್ನೇ ಅಲ್ಲಿ ಹಾಕಲು ಕುಳಿತ. ಮಧ್ಯಾಹ್ನವಾಯಿತು. ಅವನು ಇನ್ನೂ ಬಣ್ಣ ಹೊಂದಿಸುತ್ತಿದ್ದ.

ಪಂಪ್ ನೋಡಿಕೊಳ್ಳುವ ಹೆಂಗಸು ಬೆಳಗಿನಿಂದ ಫೋನಿಗೆ ಉತ್ತರ ಹೇಳಿ ಸಾಕಾಗಿದ್ದಳು. “ಸಾರ್, ತಿದ್ದಿದ ಮೇಲೆ ಒಂದ್ಸಲ ಓದಿ ನೋಡಿದ್ರಾ?” ಎಂದು ಕೇಳಿದಳು.

“ಒಂದು ಅಂಕಿ ತಿದ್ದಿದ್ದಕ್ಕೆ ಓದೋದೇನಮ್ಮ?”

“ಸ್ವಲ್ಪ ಜರುಗಿ ಸಾರ್” ಎಂದು ಆಕೆ ಕುರ್ಚಿ ಎಳೆದುಕೊಂಡಳು. ಸಾದಾ ಎಡಿಟರಿನಲ್ಲೇ ಫೈಲು ತೆರೆದು, ಪರದೆಯ ಮೇಲೆ ಬೆರಳಿಟ್ಟು, ಅಕ್ಕಿ ಆರಿಸುವ ಹಾಗೆ ಒಂದೊಂದೇ ಸಾಲು ಓದುತ್ತ ಬಂದಳು. ಅಂಕಿಯ ಪಕ್ಕದಲ್ಲಿ ಎರಡು ಜೆ ಕಂಡವು. ಅಳಿಸಿದಳು. ನೀರು ಬಂತು.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು. ಚನ್ನವೀರನಿಗೆ ತುಂಬ ಸಮಾಧಾನವಾಯಿತು. ಆರು ತಿಂಗಳಿನಿಂದ ತಲೆ ತಿನ್ನುತ್ತಿದ್ದ ಪ್ರಶ್ನೆ ಕೊನೆಗೂ ಬಗೆಹರಿಯಿತಲ್ಲ ಎಂದು ಖುಷಿಪಟ್ಟ.

“ಅರ್ಥವಾಯಿತು ಗುರುಗಳೇ, ಸಾದಾ ಎಡಿಟರೇ ಮೇಲು. ಈಗಲೇ ಹಾಕಿಕೊಳ್ಳುತ್ತೇನೆ” ಎಂದ. ಅಲ್ಲೇ ಕೂತು ಹಾಕಿಯೂ ಹಾಕಿದ. ಎರಡು ನಿಮಿಷವೂ ಹಿಡಿಯಲಿಲ್ಲ.

ಗುರುಗಳು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಹೇಳಿದರು: “ಸರಿ, ಸರದಿ ಚೀಟಿಯ ಪ್ರೋಗ್ರಾಮನ್ನು ಇದರಲ್ಲಿ ತೆರೆಯಪ್ಪ, ಓದೋಣ.”