ಗೀರು ಬೀಳದ ಸಿಂಕ್

ನದಿದಂಡೆಯ ಆಶ್ರಮದ ಗುರುವನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅಡುಗೆಮನೆಯ ಉಸ್ತುವಾರಿ ಶಿಷ್ಯ ಶಂಭುಲಿಂಗನದು.

ಹೊಸ ಸಿಂಕ್ ತರಲು ಅವನು ಪೇಟೆಗೆ ಹೋದ. ಅಂಗಡಿಯವನು ಸ್ಟೀಲಿನದು, ಗ್ರಾನೈಟಿನದು ಎರಡನ್ನೂ ತೋರಿಸಿದ. ಆತ ಬೇಡ ಬೇಡ ಎನ್ನುವಷ್ಟರಲ್ಲಿ ಶಂಭುಲಿಂಗ ಎರಡರ ಮೇಲೂ ಬೀಗದ ಕೈಯಿಂದ ಗೀರಿದ. ಗೀರು ಬೀಳದ ಗ್ರಾನೈಟನ್ನೇ ತಂದು ಕೂರಿಸಿದ.

"ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತೆ, ದೊಡ್ಡಮ್ಮ," ಎಂದ.

"ಸನ್ಯಾಸಿಗೆ ಮೊಮ್ಮಕ್ಕಳ ಚಿಂತೆ," ಎಂದು ದೊಡ್ಡಮ್ಮ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು.

ಆಶ್ರಮದಲ್ಲಿ ಸಾರು ಕುದಿಯುವುದು ಬಳಪದ ಕಲ್ಲಿನ ಪಾತ್ರೆಗಳಲ್ಲಿ. ಅವು ಭಾರ. ಎಣ್ಣೆ ಕುಡಿದು ನುಣುಪಾದವು ಬೇರೆ. ತೊಳೆಯುವವಳು ರುದ್ರಮ್ಮ.

ಒಂದು ದಿನ ಅವಳ ಕೈಯಿಂದ ಪಾತ್ರೆ ಜಾರಿ ಹೊಸ ಸಿಂಕಿಗೆ ಬಿತ್ತು, ಎರಡು ಹೋಳಾಯಿತು. ಶಂಭುಲಿಂಗ ಓಡಿಬಂದು ಮೊದಲು ಸಿಂಕನ್ನು ಸವರಿ ನೋಡಿದ. ಒಂದು ಗೆರೆಯೂ ಬಿದ್ದಿರಲಿಲ್ಲ.

ವಾರ ಕಳೆಯುವುದರೊಳಗೆ ಇನ್ನೊಂದು ಪಾತ್ರೆ ಒಡೆಯಿತು. ಅವನು ಗುರುವಿನ ಬಳಿ ಬಂದ.

"ರುದ್ರಮ್ಮನನ್ನು ಊರಿಗೆ ಕಳಿಸಿಬಿಡಿ. ಕೈಯಲ್ಲಿ ಹಿಡಿತವೇ ಇಲ್ಲ."

"ಊರಲ್ಲಿ ಅವಳಿಗೆ ಯಾರಿದ್ದಾರೆ?"

"ಯಾರೂ ಇಲ್ಲ. ಹಾಗಂತ ಇರುವ ಪಾತ್ರೆಗಳನ್ನೆಲ್ಲ ಒಡೆಸಿಕೊಂಡು ಕೂರೋಣವೇ?"

ಬಾಗಿಲಲ್ಲಿ ನಿಂತಿದ್ದ ರುದ್ರಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

"ಮೊದಲೂ ಜಾರ್ತಿತ್ತು, ದೊಡ್ಡಮ್ಮ. ನಿಮ್ಮ ಹತ್ತಿರ ಸುಳ್ಳು ಹೇಳೋದಿಲ್ಲ."

"ಕೇಳಿದಿರಾ? ಅವಳೇ ಒಪ್ಪಿಕೊಂಡಳು," ಎಂದ ಶಂಭುಲಿಂಗ.

"ಕೇಳಿದೆ. ಮೊದಲು ಜಾರಿದಾಗ ಎಷ್ಟು ಪಾತ್ರೆ ಒಡೆದಿದ್ದವು?"

ಶಂಭುಲಿಂಗ ಯೋಚಿಸಿದ. "ಒಡೆದ ನೆನಪಿಲ್ಲ."

"ಹಳೆಯ ಸಿಂಕ್ ಎಲ್ಲಿ ಹಾಕಿದೆ?"

"ಹಿತ್ತಿಲಲ್ಲಿದೆ. ಅಗ್ಗದ ಸ್ಟೀಲು, ಮೈಯೆಲ್ಲ ತಗ್ಗು. ಬಂದವರಿಗೆ ತೋರಿಸಲು ನಾಚಿಕೆಯಾಗುತ್ತಿತ್ತು."

"ಸೋರುತ್ತಿತ್ತೇ?"

"ಇಲ್ಲ."

ದೊಡ್ಡಮ್ಮ ಎದ್ದು ಹಿತ್ತಿಲಿಗೆ ನಡೆದರು. ಇಬ್ಬರೂ ಹಿಂದೆ ಹೋದರು.

ಸಿಂಕ್ ನುಗ್ಗೆಮರದ ಬುಡದಲ್ಲಿ ಬೋರಲು ಬಿದ್ದಿತ್ತು. ದೊಡ್ಡಮ್ಮ ಅದನ್ನು ಹೊರಳಿಸಿದರು. ಶಂಭುಲಿಂಗನ ಕೈ ಹಿಡಿದು ಅದರ ತಳದ ಮೇಲೆ ಇಟ್ಟು, ಮೆಲ್ಲಗೆ ಆಡಿಸಿದರು. ಅವನ ಬೆರಳುಗಳು ಒಂದು ತಗ್ಗಿಗೆ ಇಳಿದವು, ಹತ್ತಿದವು, ಮತ್ತೊಂದಕ್ಕೆ ಇಳಿದವು.

"ಏನು ಸಿಗ್ತಿದೆ?"

"ತಗ್ಗುಗಳು."

"ಅಲ್ಲ ಕಣೋ," ಎಂದರು ದೊಡ್ಡಮ್ಮ. "ಒಡೆಯದೆ ಉಳಿದ ಪಾತ್ರೆಗಳು."